ಅಲ್ಯೂಮಿನಿಯಂ ಹಾಳೆಯ ತೂಕ

ಆ ಶನಿವಾರ ಆಕೆ ಲ್ಯಾಬಿಗೆ ಬರಲಿಲ್ಲ. ನಾಲ್ಕು ವರ್ಷಗಳಲ್ಲಿ ಹೇಳದೆ ತಪ್ಪಿಸಿದ್ದು ಅದೇ ಮೊದಲು. ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಎತ್ತಿದ್ದು ಆಕೆಯ ತಂದೆ. "ಜ್ವರ ಸರ್. ನಿನ್ನೆ ರಾತ್ರಿಯಿಂದ ಬಿಟ್ಟೇ ಇಲ್ಲ. ಮಂಗಳೂರಿಗೆ ಕರ್ಕೊಂಡು ಬಂದಿದ್ದೇವೆ. ಡೆಂಗಿ ಅಂತ ಹೇಳ್ತಾರೆ" ಎಂದರು. ಹಿಂದಿನಿಂದ ಆಕೆಯದೇ ಸ್ವರ ಕೇಳಿಸಿತು. ಮೊನ್ನೆ ರಜೆಯಲ್ಲಿ ತುಂಬಿದ ಶಾಯಿ ಪ್ರಿಂಟರಿನ ಸಿರಿಂಜಿನಲ್ಲಿ ಹಾಗೆಯೇ ಉಂಟು, ಒಣಗಿದರೆ ತೆಗೀಲಿಕ್ಕೆ ಆಗುದಿಲ್ಲ, ತೊಳೆದಿಡಲು ಸರ್‌ಗೆ ಹೇಳಿ ಎನ್ನುತ್ತಿದ್ದಳು. ನಾನು ಸಿರಿಂಜು ತೊಳೆದಿಟ್ಟೆ. ಬುಧವಾರ ಸಂಜೆ ಆಕೆ ತೀರಿಕೊಂಡಳು.

ಮೂಡಬಿದ್ರೆಯ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ. ಆಕೆ ನನ್ನ ಸಂಶೋಧನಾ ವಿದ್ಯಾರ್ಥಿನಿ. ವಾರವಿಡೀ ಪಾಲಿಟೆಕ್ನಿಕ್‌ನಲ್ಲಿ ಪಾಠ, ಶನಿವಾರ ಮತ್ತು ರಜೆಗಳಲ್ಲಿ ನಮ್ಮ ಲ್ಯಾಬು. ಗಂಡ ಗಲ್ಫಿನಲ್ಲಿ, ಐದು ವರ್ಷದ ಒಬ್ಬಳು ಮಗಳು. ವಾಮದಪದವಿನಲ್ಲಿ ತಂದೆಯ ಹಾರ್ಡ್‌ವೇರ್ ಅಂಗಡಿ. ಅವರೇ ಪ್ರತಿ ಶನಿವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಆಕೆಯನ್ನು ಸ್ಕೂಟರಿನಲ್ಲಿ ಕೂರಿಸಿ ಕರೆತರುತ್ತಿದ್ದರು. ಲ್ಯಾಬಿನ ಹೊರಗೆ ಕಲ್ಲುಬೆಂಚಿನ ಮೇಲೆ ಪೇಪರ್ ಓದುತ್ತಾ ಸಂಜೆ ನಾಲ್ಕರವರೆಗೆ ಕಾಯುತ್ತಿದ್ದರು. ಒಳಗೆ ಬನ್ನಿ ಕಾಕ, ಫ್ಯಾನ್ ಉಂಟು ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ. "ನನ್ನ ಚಪ್ಪಲಿಯ ಧೂಳು ನಿಮ್ಮ ಮೆಷಿನಿಗೆ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದರು.

ನಮ್ಮ ಕೆಲಸ ಬ್ಯಾಟರಿಯ ಒಳಗಿನ ಎಲೆಕ್ಟ್ರೋಡನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸುವುದು. ಸಾಮಾನ್ಯವಾಗಿ ಬ್ಯಾಟರಿಯ ಕಪ್ಪು ಪುಡಿಯನ್ನು ಅಂಟಿನಲ್ಲಿ ಕಲಸಿ, ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೇಲೆ ಸಮನಾಗಿ ಬಳಿಯುತ್ತಾರೆ. ನಾವು ಅದೇ ಪುಡಿಯ ಶಾಯಿಯನ್ನು ಸಿರಿಂಜಿನಿಂದ ಎಳೆ ಎಳೆಯಾಗಿ ಬಿಟ್ಟು, ಹಾಳೆಯ ಮೇಲೆ ಜಾಲರಿಯಂತೆ ಕಟ್ಟುತ್ತಿದ್ದೆವು. ಎಳೆಗಳ ನಡುವಿನ ಸಂದಿಯಲ್ಲಿ ಬ್ಯಾಟರಿಯ ದ್ರವ ಚೆನ್ನಾಗಿ ಇಳಿಯುತ್ತದೆ, ಆದ್ದರಿಂದ ಅಷ್ಟೇ ಪುಡಿಯಲ್ಲಿ ಹೆಚ್ಚು ವಿದ್ಯುತ್ ಹಿಡಿಯಬಹುದು ಎಂಬುದು ನಮ್ಮ ಊಹೆ. ಇದನ್ನು ಆಕೆ ತಂದೆಗೆ ಒಂದೇ ಮಾತಿನಲ್ಲಿ ಹೇಳಿದ್ದಳಂತೆ: "ನೀರ್‌ದೋಸೆಯ ಹಾಗೆ. ತೂತು ಇದ್ದರೆ ಚಟ್ನಿ ಬೇಗ ಹಿಡೀತದೆ."

ಊಹೆ ನಿಜವಾಗಿತ್ತು. ಬಳಿದ ಎಲೆಕ್ಟ್ರೋಡಿಗಿಂತ ಮುದ್ರಿಸಿದ ಎಲೆಕ್ಟ್ರೋಡು ಒಂದು ಗ್ರಾಂ ಪುಡಿಗೆ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ವಿದ್ಯುತ್ ಹಿಡಿಯುತ್ತಿತ್ತು. ಆ ಫಲಿತಾಂಶ ಒಂದು ಒಳ್ಳೆಯ ಸಂಶೋಧನಾ ಪತ್ರಿಕೆಯಲ್ಲಿ ಲೇಖನವಾಗಿ ಬಂತು. ಮೊದಲ ಹೆಸರು ಆಕೆಯದು, ಎರಡನೆಯದು ನನ್ನದು. ತಂದೆ ಅದರ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು.

ಆಕೆ ಹೋದ ನಲವತ್ತು ದಿನಗಳ ನಂತರ ಅವರು ಒಬ್ಬರೇ ಬಂದರು. ಕೈಯಲ್ಲಿ ಬಟ್ಟೆಯಂಗಡಿಯ ಚೀಲ, ಅದರಲ್ಲಿ ಆಕೆಯ ಏಳು ನೋಟ್‌ಬುಕ್ಕುಗಳು. ಆ ದಿನ ಮಾತ್ರ ಒಳಗೆ ಬಂದು ಕೂತರು.

"ಪುಸ್ತಕ ಎಷ್ಟು ಬಾಕಿ ಉಂಟು ಸರ್?"

ಪುಸ್ತಕ ಎಂದರೆ ಆಕೆಯ ಪ್ರಬಂಧ. "ಒಂದು ಅಧ್ಯಾಯ. ಕೆಲವು ಪ್ರಯೋಗ ಮಾತ್ರ" ಎಂದೆ.

"ನೀವು ಮುಗಿಸಿಕೊಡ್ತೀರಾ? ಡಾಕ್ಟರೇಟ್ ಸತ್ತ ಮೇಲೂ ಕೊಡ್ತಾರೆ ಅಂತ ಯಾರೋ ಹೇಳಿದ್ರು. ನಮಗೆ ಇನ್ನೆಂತ ಬೇಡ. ಮಗು ದೊಡ್ಡದಾದ ಮೇಲೆ ತೋರಿಸ್ಲಿಕ್ಕೆ ಒಂದು ಬೇಕು."

ವಿಚಾರಿಸಿದೆ. ಪ್ರಕಟಿತ ಲೇಖನವಿದ್ದು, ಪ್ರಬಂಧ ಬಹುಪಾಲು ಮುಗಿದಿದ್ದರೆ, ಮಾರ್ಗದರ್ಶಕ ಪೂರ್ಣಗೊಳಿಸಿ ಸಲ್ಲಿಸಬಹುದು ಎಂದು ತಿಳಿಯಿತು. ಕಾಕನಿಗೆ ಫೋನಿನಲ್ಲಿ ಹೇಳಿದೆ. "ದೇವರು ನಿಮಗೆ ಒಳ್ಳೇದು ಮಾಡ್ಲಿ" ಎಂದು ಫೋನಿಟ್ಟರು.

ಮಳೆ ನಿಂತ ಮೇಲೆ ಕೆಲಸ ಶುರುಮಾಡಿದೆ. ಹತ್ತು ವರ್ಷಗಳಿಂದ ನಾನು ಸ್ವತಃ ಕೈಯಿಂದ ಪ್ರಯೋಗ ಮಾಡಿರಲಿಲ್ಲ. ಮಾರ್ಗದರ್ಶಕರು ಸಾಮಾನ್ಯವಾಗಿ ಮಾಡುವುದೂ ಇಲ್ಲ. ನಕ್ಷೆ ನೋಡುತ್ತೇವೆ, ತಿದ್ದುತ್ತೇವೆ, ಸಹಿ ಹಾಕುತ್ತೇವೆ. ಶಾಯಿ ಕಲಸುವುದೇ ನನಗೆ ಬರಲಿಲ್ಲ. ತೆಳುವಾದರೆ ಎಳೆ ಹರಡಿಕೊಳ್ಳುತ್ತದೆ, ಗಟ್ಟಿಯಾದರೆ ಸೂಜಿಯ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ಮೂರು ವಾರ ಬರೀ ಕೆಟ್ಟ ಜಾಲರಿಗಳು. ಕೊನೆಗೂ ಹದ ಸಿಕ್ಕಿತು. ಮುದ್ರಿಸಿದ ಬಿಲ್ಲೆಗಳನ್ನು ಒಲೆಯಲ್ಲಿ ಒಣಗಿಸಿ, ತೂಗಿ, ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ರಬ್ಬರ್ ಕೈಗವಸಿನಲ್ಲಿ ಕೈತೂರಿಸಿ, ವಾಚಿನ ಬ್ಯಾಟರಿಯಷ್ಟು ದೊಡ್ಡ ಸೆಲ್ಲುಗಳನ್ನು ಕಟ್ಟಿದೆ. ಪರೀಕ್ಷಾ ಯಂತ್ರಕ್ಕೆ ಸಿಕ್ಕಿಸಿ ಚಾರ್ಜ್ ಮಾಡಿ, ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿ ನೋಡಿದೆ.

ಫಲಿತಾಂಶ ಕಡಿಮೆ ಬಂತು. ಆಕೆಗೆ ಸಿಕ್ಕಿದ್ದ ಹೆಚ್ಚುವರಿ ಪಾಲು ನನಗೆ ಸಿಗಲೇ ಇಲ್ಲ. ನಾನು ಮುದ್ರಿಸಿದ್ದು ಬಳಿದ ಎಲೆಕ್ಟ್ರೋಡಿನಷ್ಟೇ ವಿದ್ಯುತ್ ಹಿಡಿಯುತ್ತಿತ್ತು.

ನನ್ನ ಕೈ ಸರಿಯಿಲ್ಲ ಎಂದುಕೊಂಡೆ. ಪುಡಿಯಲ್ಲಿ ತೇವ ಇರಬಹುದೆಂದು ಎರಡು ದಿನ ಹೆಚ್ಚು ಒಣಗಿಸಿದೆ. ಪೆಟ್ಟಿಗೆಯ ರಬ್ಬರ್ ಸೋರುತ್ತಿರಬಹುದೆಂದು ಬದಲಾಯಿಸಿದೆ. ಹೊಸ ದ್ರವದ ಬಾಟಲಿ ತೆರೆದೆ. ಸೂಜಿ ಬದಲಾಯಿಸಿದೆ. ಡಿಸೆಂಬರ್ ಕಳೆಯಿತು, ಜನವರಿ ಕಳೆಯಿತು. ಪ್ರತಿ ಬಾರಿಯೂ ಅದೇ ಅಂಕಿ. ಅಷ್ಟರಲ್ಲಿ ಕಾಕ ಎರಡು ಸಲ ಫೋನ್ ಮಾಡಿದ್ದರು. "ಅವಸರ ಇಲ್ಲ ಸರ್, ಸುಮ್ಮನೆ ಕೇಳಿದ್ದು" ಎಂದು ಎರಡು ಸಲವೂ ಹೇಳಿದ್ದರು. ಆಕೆಯ ಕೈಯಲ್ಲಿ ಏನೋ ಒಂದು ಗುಣವಿತ್ತು, ಅದು ಆಕೆಯ ಜೊತೆ ಹೋಯಿತು ಎಂದು ನಾನು ಸಹೋದ್ಯೋಗಿಗಳಲ್ಲಿ ಹೇಳತೊಡಗಿದ್ದೆ. ಹಾಗೆ ಹೇಳುವಾಗ ಒಂಥರಾ ಸಮಾಧಾನವಾಗುತ್ತಿತ್ತು.

ಕೊನೆಗೆ ನನ್ನ ಪದ್ಧತಿಯನ್ನೆಲ್ಲ ಬದಿಗಿಟ್ಟು, ಆಕೆಯ ಐದನೆಯ ನೋಟ್‌ಬುಕ್ ತೆರೆದು ಒಂದೊಂದೇ ಸಾಲು ಅನುಸರಿಸಿದೆ. ಕಲಸಿದ ಹೊತ್ತು, ಒಲೆಯ ಬಿಸಿ, ಸೂಜಿಯ ವೇಗ. ಎಲ್ಲವೂ ನಾನು ಮಾಡಿದಂತೆಯೇ ಇತ್ತು. ಬೇರೆಯಾಗಿದ್ದದ್ದು ಲೆಕ್ಕದ ಒಂದು ಸಾಲು. ಪುಡಿಯ ತೂಕ ತಿಳಿಯಬೇಕಾದರೆ ಒಣಗಿದ ಬಿಲ್ಲೆಯ ಒಟ್ಟು ತೂಕದಿಂದ ಅಡಿಯ ಅಲ್ಯೂಮಿನಿಯಂ ಹಾಳೆಯ ತೂಕ ಕಳೆಯಬೇಕು. ನನಗೆ ಕೈಯ ಮೇಲೆ ನಂಬಿಕೆಯಿಲ್ಲದ್ದರಿಂದ ಪ್ರತಿ ಹಾಳೆಯನ್ನೂ ಮುದ್ರಿಸುವ ಮೊದಲೇ ತೂಗಿಟ್ಟಿದ್ದೆ. ಆಕೆ ಬರೆದದ್ದು ಹೀಗಿತ್ತು: "ಹಾಳೆ: 6.1 ಮಿಲಿಗ್ರಾಂ, ಡಬ್ಬಿಯ ಮೇಲಿನಂತೆ." ಹತ್ತು ಹಾಳೆ ತೂಗಿ ಸರಾಸರಿಯನ್ನು ಡಬ್ಬಿಯ ಮೇಲೆ ಬರೆದಿಡುವುದು ನಮ್ಮ ಲ್ಯಾಬಿನ ರೂಢಿ. ಡಬ್ಬಿಯ ಮೇಲಿನ ಅಕ್ಷರ ನನ್ನದೇ, ಇಷ್ಟು ದಿನ ನಾನು ಅದನ್ನು ಓದಿರಲೇ ಇಲ್ಲ.

ನನ್ನ ಒಂದು ಸೆಲ್ಲಿನ ಅಂಕಿಯನ್ನು ತೆಗೆದು ಆಕೆಯ ರೀತಿಯಲ್ಲಿ ಲೆಕ್ಕ ಹಾಕಿದೆ. ಲೇಖನದಲ್ಲಿ ಬಂದ ಫಲಿತಾಂಶ ಅಕ್ಷರಶಃ ಬಂತು. ಒಂದು ಕ್ಷಣ ಖುಷಿಯಾಯಿತು. ಸಿಕ್ಕಿತು ಎಂದು ಗಟ್ಟಿಯಾಗಿ ಹೇಳಿದೆನೋ ಏನೋ. ಆಮೇಲೆ ಎದ್ದು ಹಾಳೆಯ ಡಬ್ಬಿ ತಂದೆ.

ಡಬ್ಬಿಯಲ್ಲಿದ್ದ ಸುರುಳಿಯಿಂದ ಹತ್ತು ಹಾಳೆ ಕತ್ತರಿಸಿ ತೂಗಿದೆ. ಸರಾಸರಿ 4.6. ಆಕೆ ಕತ್ತರಿಸಿ ಸಣ್ಣ ಸೀಸೆಯಲ್ಲಿ ಇಟ್ಟುಹೋಗಿದ್ದ ಹಾಳೆಗಳನ್ನು ತೂಗಿದೆ. ಅವೂ 4.6. ಸಾಮಾನಿನ ರಿಜಿಸ್ಟರ್ ತೆಗೆಸಿದೆ. ಹಳೆಯ ಸುರುಳಿ ಮುಗಿದು ಹೊಸ ಸುರುಳಿ ಬಂದದ್ದು ಆಕೆಯ ಮುದ್ರಣದ ಕೆಲಸ ಶುರುವಾಗುವ ಎರಡು ವಾರ ಮೊದಲು. ತರಿಸಿದವನು ನಾನು. ಮೊದಲಿನ ದಪ್ಪದ್ದು ಸಿಗದೆ ತೆಳ್ಳಗಿನದನ್ನು ಒಪ್ಪಿಕೊಂಡವನೂ ನಾನು. ಅದನ್ನು ಹಳೆಯ ಡಬ್ಬಿಗೇ ಹಾಕಿ, ಮೇಲಿನ ಬರಹ ತಿದ್ದಲು ಮರೆತಿದ್ದೆ. ಹೋಲಿಕೆಗೆಂದು ಬಳಿದ ಎಲೆಕ್ಟ್ರೋಡುಗಳೆಲ್ಲ ಹಳೆಯ ಹಾಳೆಯವು; ಅವುಗಳ ಲೆಕ್ಕ ಸರಿ. ಮುದ್ರಿಸಿದವೆಲ್ಲ ಹೊಸ ಹಾಳೆಯವು. ಒಂದೂವರೆ ಮಿಲಿಗ್ರಾಂ ಹೆಚ್ಚು ಕಳೆದದ್ದರಿಂದ ಪುಡಿ ಕಡಿಮೆಯೆಂದು ತೋರಿತ್ತು, ಕಡಿಮೆ ಪುಡಿ ಹೆಚ್ಚು ವಿದ್ಯುತ್ ಹಿಡಿಯಿತೆಂದು ನಾವು ನಂಬಿದ್ದೆವು. ನಮ್ಮ ಇಡೀ ಸಂಶೋಧನೆ ಆ ಒಂದೂವರೆ ಮಿಲಿಗ್ರಾಮಿನಲ್ಲಿತ್ತು.

ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದಾಗ ಪೆನ್ಸಿಲಿನಲ್ಲಿ ಬರೆದ ಎರಡು ಸಾಲು ಕಂಡವು. "ಹಾಳೆ ಮೊದಲಿಗಿಂತ ಹೊಳಪು ಹೆಚ್ಚು, ಬೇಗ ಮಡಚುತ್ತದೆ. ಬೇರೆಯಾ ಎಂದು ಸರ್ ಹತ್ತಿರ ಕೇಳಿದೆ. ಅದೇ ಎಂದರು."

ಆ ಮಾತು ಆಡಿದ್ದು ನನಗೆ ನೆನಪೇ ಇಲ್ಲ. ಎಲ್ಲಿ ಕೇಳಿದಳು, ನಾನು ಆಗ ಏನು ಮಾಡುತ್ತಿದ್ದೆ, ಒಂದೂ ನೆನಪಿಲ್ಲ. ಬಹುಶಃ ಮೀಟಿಂಗಿಗೆ ಹೊರಟಿದ್ದೆ. ತಲೆ ಎತ್ತದೆ ಹೇಳಿದ್ದಿರಬಹುದು.

ಮರುದಿನ ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ತೋರಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಆಕೆಯ ಮಯ್ಯತ್ತಿನ ದಿನ, ಶವ ಎತ್ತುವಾಗ ಬಾಗಿಲಲ್ಲಿ ನಿಂತು ಅತ್ತವರು. ಅಂಕಿಗಳನ್ನು ಒಂದೊಂದಾಗಿ ನೋಡಿದರು.

"ಯಾರಿಗಾದ್ರೂ ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ಬಿಟ್ಟುಬಿಡುವ ಮಾರಾಯ್ರೆ. ನೀವು ಸುಳ್ಳು ಬರೆದದ್ದಲ್ಲ, ತಪ್ಪಿದ್ದು. ಕೊನೆಯ ಅಧ್ಯಾಯದಲ್ಲಿ ಆ ಅಂಕಿ ಹಾಕ್ಲೇಬೇಡಿ. ಇದ್ದದ್ದನ್ನು ಸಲ್ಲಿಸಿ. ಆ ಮಗುವಿಗೆ ಅಮ್ಮನ ಹೆಸರಿನ ಹಿಂದೆ ಡಾಕ್ಟರ್ ಅಂತ ಒಂದು ಉಳೀಲಿ."

ನಾನು ಇಲ್ಲ ಎನ್ನಲಿಲ್ಲ. ಎರಡು ವಾರ ಹಾಗೆಯೇ ಮಾಡಲು ಕೂತೆ. ಅಧ್ಯಾಯದ ಮೊದಲ ಹತ್ತು ಪುಟ ಬರೆದೆ, ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಇತ್ತು.

ಹನ್ನೊಂದನೆಯ ಪುಟದಲ್ಲಿದ್ದಾಗ ಒಂದು ಇಮೇಲ್ ಬಂತು. ಲೇಖನದಲ್ಲಿ ಸಂಪರ್ಕಕ್ಕೆ ಕೊಟ್ಟಿದ್ದದ್ದು ನನ್ನ ವಿಳಾಸ. ಪತ್ರ ಮಾತ್ರ ಆಕೆಗೆ. ಉತ್ತರ ಕರ್ನಾಟಕದ ಒಂದು ಕಾಲೇಜಿನ ಸಂಶೋಧಕಿ ಬರೆದಿದ್ದಳು. "ಮೇಡಂ, ನಿಮ್ಮ ಲೇಖನ ನೋಡಿಯೇ ನಾನು ಈ ವಿಷಯ ತಗೊಂಡೆ. ನೀವು ಹೇಳಿದ ಹಾಗೇ ಎಂಟು ತಿಂಗಳಿಂದ ಮಾಡ್ತಿದ್ದೀನಿ. ನಿಮ್ಮ ಫಲಿತಾಂಶ ನನಗೆ ಬರ್ತಿಲ್ಲ. ನನ್ನ ಕೈಯಲ್ಲೇ ಏನೋ ದೋಷ ಇದೆ ಅಂತ ಗೈಡ್ ಹೇಳ್ತಾರೆ. ದಯವಿಟ್ಟು ನನ್ನ ತಪ್ಪು ಏನು ಅಂತ ತಿಳಿಸಿಕೊಡಿ."

ಆ ಸಂಶೋಧಕಿಗೆ ನನ್ನ ವಿದ್ಯಾರ್ಥಿನಿ ತೀರಿಹೋದದ್ದೂ ಗೊತ್ತಿಲ್ಲ. ಆ ಪತ್ರವನ್ನು ಎಷ್ಟು ಸಲ ಓದಿದೆನೋ. ಅದೇ ಮಧ್ಯಾಹ್ನ ಉತ್ತರ ಬರೆದೆ: ನಿಮ್ಮ ಕೈಯಲ್ಲಿ ದೋಷವಿಲ್ಲ. ನಂತರ ಪತ್ರಿಕೆಯ ಸಂಪಾದಕರಿಗೆ, ಲೇಖನವನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಬರೆದೆ. ಮೂರನೆಯ ದಿನ ಸಂಪಾದಕರು ಒಂದು ಪ್ರಶ್ನೆ ಕಳುಹಿಸಿದರು. ಮೃತ ಲೇಖಕಿಯ ಕುಟುಂಬಕ್ಕೆ ತಿಳಿಸಿದ್ದೀರಾ, ಅವರ ಆಕ್ಷೇಪ ಇದೆಯೇ?

ವಾಮದಪದವಿಗೆ ಹೋದೆ. ಬೆಳಿಗ್ಗೆ ಹತ್ತರ ಹೊತ್ತು. ಕಾಕ ಯಾರಿಗೋ ಮೊಳೆ ತೂಗಿ ಕೊಡುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಪಕ್ಕದ ಹೋಟೆಲಿಗೆ ಎರಡು ಚಾ ಹೇಳಿದರು. "ಪುಸ್ತಕ ಆಯ್ತಾ ಸರ್?" ಎಂದರು. ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಆ ದಿನ ಹೇಳಬೇಕಾದದ್ದನ್ನು ನಾನು ದಾರಿಯುದ್ದಕ್ಕೂ ಕನ್ನಡದಲ್ಲಿ ಜೋಡಿಸಿಕೊಂಡು ಬಂದಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಹಾಳೆ, ಪುಡಿ, ಡಬ್ಬಿ ಎಂದು ತಡವರಿಸಿದೆ.

ಅವರು ಕೈಯೆತ್ತಿ ತಡೆದರು. "ನಿಲ್ಲಿ ಸರ್. ಮೊಳೆ ಗೋಣಿಯಲ್ಲಿ ಬರ್ತದೆ. ಗೋಣಿಯ ತೂಕ ಕಳೆದೇ ನಾವು ಮಾಲು ಎಷ್ಟು ಅಂತ ನೋಡುದು. ನೀವು ಹಳೇ ಗೋಣಿಯ ತೂಕ ಕಳೆದ್ರಿ. ಗೋಣಿ ಹೊಸದು, ಹಗುರದ್ದು. ಹಾಗೆಯಾ?"

"ಹಾಗೆಯೇ."

"ಮಾಲು ಕಮ್ಮಿ ತೋರಿಸ್ತು."

"ಹೌದು ಕಾಕ. ಕಮ್ಮಿ ಮಾಲು ಹೆಚ್ಚು ಕೆಲಸ ಮಾಡ್ತು ಅಂತ ನಾವು ತಿಳ್ಕೊಂಡೆವು."

ಇಷ್ಟು ಸರಳವಾಗಿ ಯಾವ ಪ್ರಾಧ್ಯಾಪಕನೂ ಅದನ್ನು ಅರ್ಥಮಾಡಿಕೊಂಡಿರಲಿಲ್ಲ. ಚಾ ಬಂತು. ಅವರು ಮುಟ್ಟಲಿಲ್ಲ.

"ತೂಕ ತಪ್ಪಿಸಿದ್ದು ಯಾರು? ಅವಳಾ?"

"ನಾನು. ಗೋಣಿ ಬದಲಿಸಿದ್ದು ನಾನು. ಅವಳು ಕೇಳಿದ್ದಳು, ಬೇರೆಯಾ ಅಂತ. ನಾನು ಅದೇ ಅಂದೆ." ನೋಟ್‌ಬುಕ್ ತೆರೆದು ಆ ಎರಡು ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿ, ಪೆನ್ಸಿಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದರು.

ಆಮೇಲೆ ಲೇಖನ ಹಿಂತೆಗೆಯಬೇಕು, ಕಾರಣ ಹೇಳಿ ಪತ್ರಿಕೆಯವರು ಒಂದು ಪ್ರಕಟಣೆ ಹಾಕುತ್ತಾರೆ ಎಂದೆ. ಹಿಂತೆಗೆದರೆ ಡಾಕ್ಟರೇಟಿಗೆ ಅರ್ಹತೆ ಹೋಗುತ್ತದೆ ಎಂದೂ ಹೇಳಿದೆ. ಅವರು ಗೋಡೆಯ ಚೌಕಟ್ಟಿನ ಕಡೆ ನೋಡಲಿಲ್ಲ, ನಾನೇ ನೋಡಿದೆ.

"ನಾಲ್ಕು ವರ್ಷ ಸರ್" ಎಂದರು. ಸ್ವರ ಏರಿಸಲಿಲ್ಲ. "ನಾಲ್ಕು ವರ್ಷ ನಾನು ಅವಳನ್ನು ಬಿಸಿಲಿಗೆ ಮಳೆಗೆ ಕರ್ಕೊಂಡು ಬಂದೆ. ಮಗು ಅತ್ತರೂ ಬಿಟ್ಟು ಬಂದಳು. ಒಂದು ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಒಮ್ಮೆ ತೂಗಿ ನೋಡ್ಲಿಕ್ಕೆ ಆಗ್ಲಿಲ್ಲವಾ?"

ಅವರು ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು.

"ಇವತ್ತು ನೀವು ಹೋಗಿ. ನಾನು ಹೇಳ್ತೇನೆ."

ಒಂದು ತಿಂಗಳು ಅವರು ಫೋನ್ ಮಾಡಲಿಲ್ಲ. ಸಂಪಾದಕರು ಎರಡು ಬಾರಿ ನೆನಪಿಸಿದರು. ನಿಯಮದ ಪ್ರಕಾರ ಕುಟುಂಬದ ಒಪ್ಪಿಗೆ ಕಡ್ಡಾಯವಲ್ಲ, ನೀವು ಮುಂದುವರಿಯಬಹುದು ಎಂದರು. ಕಾಯುತ್ತೇನೆ ಎಂದೆ. ಕಾಲೇಜಿನಲ್ಲಿ ಸುದ್ದಿ ಹಬ್ಬಿತ್ತು. ಊಟದ ಹೊತ್ತಿಗೆ ನನ್ನ ಮೇಜಿಗೆ ಬರುತ್ತಿದ್ದ ಇಬ್ಬರು ಬರುವುದು ಬಿಟ್ಟರು. ಹೊಸ ವಿದ್ಯಾರ್ಥಿಗಳನ್ನು ಸದ್ಯ ತೆಗೆದುಕೊಳ್ಳುವುದು ಬೇಡ ಎಂದು ಮುಖ್ಯಸ್ಥರು ಹೇಳಿದಾಗ ನನಗೆ ಬೇಸರವಾಗಲಿಲ್ಲ. ಆ ದಿನಗಳಲ್ಲಿ ಲ್ಯಾಬಿನ ಪ್ರತಿ ಡಬ್ಬಿಯನ್ನೂ ತೆಗೆದು, ತೂಗಿ, ಹೊಸ ಚೀಟಿ ಅಂಟಿಸಿದೆ. ಇನ್ನೇನು ಮಾಡಬೇಕೆಂದು ತಿಳಿಯದೆ ಮಾಡಿದ ಕೆಲಸ ಅದು.

ಒಂದು ಸೋಮವಾರ ಅವರು ಫೋನ್ ಮಾಡಿದರು. "ಅಳಿಯನ ಹತ್ರ ಮಾತಾಡಿದೆ. ಅವನು ನೀವು ಹೇಳಿದ ಹಾಗೆ ಮಾಡಿ ಅಂದ. ಸುಳ್ಳಿನ ಮೇಲೆ ನನ್ನ ಮಗಳ ಹೆಸರು ಬೇಡ. ಆದ್ರೆ ಒಂದು ಉಂಟು."

"ಹೇಳಿ ಕಾಕ."

"ಅವಳು ಕೇಳಿದ್ದು ಬರೀಬೇಕು. ಅವರು ಹಾಕುವ ಆ ಕಾಗದದಲ್ಲಿ. ಅವಳಿಗೆ ಸಂಶಯ ಬಂದಿತ್ತು, ಕೇಳಿದ್ದಳು ಅಂತ."

ಪ್ರಕಟಣೆಯ ಕರಡಿನಲ್ಲಿ ಆ ವಾಕ್ಯ ಸೇರಿಸಿದೆ. ಪತ್ರಿಕೆಯವರು ಅದನ್ನು ತೆಗೆದು ಕಳುಹಿಸಿದರು. ಹಿಂತೆಗೆಯುವ ಪ್ರಕಟಣೆಯಲ್ಲಿ ತಾಂತ್ರಿಕ ಕಾರಣ ಮಾತ್ರ ಇರಬೇಕು, ಲೇಖಕರ ನಡುವಿನ ಮಾತುಕತೆ ಬೇಡವೆಂದರು. ನೋಟ್‌ಬುಕ್ಕಿನ ಪುಟದ ಚಿತ್ರ ಲಗತ್ತಿಸಿ, ಇದು ತಾಂತ್ರಿಕ ಕಾರಣವೇ ಎಂದು ಬರೆದೆ. ದೋಷ ಮೊದಲೇ ಕಣ್ಣಿಗೆ ಬಿದ್ದಿತ್ತು, ದಾಖಲಾಗಿತ್ತು, ಮಾರ್ಗದರ್ಶಕನ ಉದಾಸೀನದಿಂದ ಉಳಿಯಿತು. ಇಷ್ಟನ್ನು ಬಿಟ್ಟರೆ ಪ್ರಕಟಣೆಯೇ ಅಪೂರ್ಣ ಎಂದೆ. ಮೂರು ಸಲ ಪತ್ರ ಹೋಗಿ ಬಂತು. ಕೊನೆಗೆ ಒಪ್ಪಿದರು.

ವಿಶ್ವವಿದ್ಯಾಲಯಕ್ಕೆ ಸರಿಪಡಿಸಿದ ಅಂಕಿಗಳೊಂದಿಗೆ ಪ್ರಬಂಧ ಸಲ್ಲಿಸಿದೆ. ಮುದ್ರಿಸಿದ ಎಲೆಕ್ಟ್ರೋಡಿನಿಂದ ಲಾಭವಿಲ್ಲ ಎಂದು ತಿಳಿಯುವುದೂ ತಿಳಿವಳಿಕೆಯೇ ಎಂದು ಮುನ್ನುಡಿಯಲ್ಲಿ ವಾದಿಸಿದೆ. ಪ್ರಕಟಿತ ಲೇಖನ ಇಲ್ಲವಾದ್ದರಿಂದ ಪರಿಗಣಿಸಲು ಬರುವುದಿಲ್ಲ ಎಂಬ ಎರಡು ಸಾಲಿನ ಉತ್ತರದೊಂದಿಗೆ ಅದು ವಾಪಸು ಬಂತು.

ಪ್ರಕಟಣೆ ಬಂದ ದಿನ ಮತ್ತೆ ವಾಮದಪದವಿಗೆ ಹೋದೆ. ಕಾಕ ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬರೇ ಕೂತಿದ್ದರು. ಪಕ್ಕದ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಮೊಬೈಲಿನಲ್ಲಿ ಲೇಖನದ ಪುಟ ತೆರೆದು ಕೊಟ್ಟೆ. ಆಕೆಯ ಹೆಸರಿನ ಮೇಲೆ ಅಡ್ಡಲಾಗಿ, ಹಿಂತೆಗೆದುಕೊಳ್ಳಲಾಗಿದೆ ಎಂಬ ಕೆಂಪು ಅಕ್ಷರಗಳಿದ್ದವು. ಪ್ರಕಟಣೆಯ ಪುಟಕ್ಕೆ ಹೋಗಿ, ಅವರು ಹೇಳಿದ ವಾಕ್ಯ ಎಲ್ಲಿದೆ ಎಂದು ತೋರಿಸಿದೆ.

"ನನಗೆ ಇಂಗ್ಲಿಷ್ ಅಷ್ಟು ಬರುದಿಲ್ಲ. ಓದಿ ಹೇಳಿ."

ತುಳುವಿನಲ್ಲಿ ಹೇಳಿದೆ. ಹಾಳೆ ಬೇರೆ ಇರಬಹುದೆಂದು ಮೊದಲ ಲೇಖಕಿ ಗಮನಿಸಿದ್ದಳು, ಮಾರ್ಗದರ್ಶಕನನ್ನು ಕೇಳಿದ್ದಳು. ಆತ ಪರೀಕ್ಷಿಸದೆ ತಪ್ಪು ಉತ್ತರ ಕೊಟ್ಟ.

ಅವರು ತಲೆಯಾಡಿಸಿದರು. ಒಬ್ಬ ಗಿರಾಕಿ ಬಂದು ಪೈಪಿನ ಜಾಯಿಂಟ್ ಕೇಳಿದ. "ಸ್ವಲ್ಪ ನಿಲ್ಲಿ" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದರು.

"ಅವಳು ಕೇಳಿದ್ದಳು ಅಂತ ಉಂಟಲ್ಲ, ಅಷ್ಟನ್ನು ಇನ್ನೊಮ್ಮೆ ಓದಿ ಸರ್."

ನಾನು ಇನ್ನೊಮ್ಮೆ ಓದಿದೆ.